ಲೂಸಿಯಾನಾದಲ್ಲಿ ಹರಿಕೇನ್, ಶಾರ್ಲಟ್‌ನಲ್ಲಿ ಪೆಟ್ರೋಲ್ ಇಲ್ಲ: ಯಾಕೆ ಹೀಗೆ?

ಶಾರ್ಲಟ್ ಸೊಸೆ
ಎಲ್ಲರಿಗೂ ನಮಸ್ಕಾರ. ನಾನು ನಾರ್ತ್ ಕೆರೊಲಿನಾದ ಶಾರ್ಲಟ್‌ನಲ್ಲಿದ್ದೇನೆ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ತಿನ್ನುತ್ತಿದೆ. ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಹರಿಕೇನ್ ಎದ್ದರೆ ಅಷ್ಟು ದೂರದ ನಮ್ಮೂರಿನ ಬಂಕ್‌ಗಳು ಯಾಕೆ ಖಾಲಿ ಆಗುತ್ತವೆ? 2008ರ ಸೆಪ್ಟೆಂಬರ್‌ನಲ್ಲಿ ಐಕ್ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ಗೆ ಬಡಿಯಿತು. ಇಲ್ಲಿ ಏನೂ ಆಗಿರಲಿಲ್ಲ. ಆದರೂ ತಿಂಗಳ ಕೊನೆಯವರೆಗೆ ಪೆಟ್ರೋಲ್‌ಗೆ ಪರದಾಟ. ಟ್ಯಾಂಕರ್ ಲಾರಿ ಕಂಡರೆ ಜನ ಅದರ ಹಿಂದೆಯೇ ಕಾರು ಓಡಿಸುತ್ತಿದ್ದರು, ಅದು ಯಾವ ಬಂಕ್‌ಗೆ ಹೋಗುತ್ತದೋ ಅಲ್ಲಿಗೆ.

ಇನ್ನೊಂದು ವಿಷಯ. 2017ರಲ್ಲಿ ಹಾರ್ವೆ ಬಂದಾಗ ಟಿವಿಯಲ್ಲಿ ಕಚ್ಚಾ ತೈಲದ ಬೆಲೆ ಇಳಿಯಿತು ಎಂದರು. ಬಂಕ್‌ನಲ್ಲಿ ಮಾತ್ರ ರೇಟು ಏರಿತು. ಇದು ಯಾವ ಲೆಕ್ಕ? ಗೊತ್ತಿದ್ದವರು ಹೇಳಿ.

ಗಡಿಬಿಡಿ ಗುಂಡ
ಕಂಪನಿಗಳ ಆಟ. ಗಾಳಿ ಒಂದು ನೆಪ. ಮುಗೀತು.

ಹ್ಯೂಸ್ಟನ್ ಹಳಬ
ಮುಗಿದಿಲ್ಲ ಗುಂಡ ಅವರೇ. ನಾನು ಇಲ್ಲಿ ರಿಫೈನರಿಯಲ್ಲೇ, ಅಂದರೆ ಕಚ್ಚಾ ತೈಲದಿಂದ ಪೆಟ್ರೋಲ್ ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಮಾಡುವವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅಮೆರಿಕದ ರಿಫೈನಿಂಗ್ ಸಾಮರ್ಥ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಗಲ್ಫ್ ಕರಾವಳಿಯ ಆಸುಪಾಸಿನಲ್ಲೇ ಇದೆ. ಕಾರ್ಪಸ್ ಕ್ರಿಸ್ಟಿ, ಹ್ಯೂಸ್ಟನ್, ಬ್ಯೂಮಾಂಟ್, ಪೋರ್ಟ್ ಆರ್ಥರ್, ಲೇಕ್ ಚಾರ್ಲ್ಸ್, ಬ್ಯಾಟನ್ ರೂಜ್. ಸಾಲಾಗಿ ನಿಂತಿವೆ. ಹಾರ್ವೆ ಆಗಸ್ಟ್ 25ರಂದು ದಡ ಮುಟ್ಟಿತು. ಮುಂದೆ ಹೋಗುವ ಬದಲು ಇಲ್ಲೇ ಠಿಕಾಣಿ ಹೂಡಿತು. ಪೋರ್ಟ್ ಆರ್ಥರ್ ಪಕ್ಕದ ನೆದರ್‌ಲ್ಯಾಂಡ್ ಎಂಬ ಊರಿನಲ್ಲಿ 60 ಇಂಚಿಗೂ ಜಾಸ್ತಿ ಮಳೆ ಬಿತ್ತು. ಪೋರ್ಟ್ ಆರ್ಥರ್‌ನ ಮೋಟಿವಾ ಆಗ ದೇಶದ ಅತಿ ದೊಡ್ಡ ರಿಫೈನರಿ, ದಿನಕ್ಕೆ ಸುಮಾರು 6 ಲಕ್ಷ ಬ್ಯಾರೆಲ್. ಅದೂ ನಿಂತಿತು. ಒಟ್ಟಿನಲ್ಲಿ ದೇಶದ ಸಾಮರ್ಥ್ಯದ ಕಾಲು ಭಾಗದಷ್ಟು ಬಂದ್.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕಚ್ಚಾ ತೈಲ ಕೊಳ್ಳುವವರು ಯಾರು? ನೀವಲ್ಲ, ನಾನಲ್ಲ, ರಿಫೈನರಿ. ಗಿರಾಕಿಯೇ ಬಾಗಿಲು ಹಾಕಿದರೆ ಮಾಲು ಯಾರಿಗೆ ಬೇಕು? ಅದಕ್ಕೇ ಕಚ್ಚಾ ತೈಲದ ಬೆಲೆ ಇಳಿಯಿತು. ಅತ್ತ ಪೆಟ್ರೋಲ್ ತಯಾರಾಗುತ್ತಿಲ್ಲ, ಅದು ಏರಿತು. ಮಾರುಕಟ್ಟೆಯಲ್ಲಿ ಪೆಟ್ರೋಲ್ ಎರಡು ವರ್ಷದಲ್ಲೇ ಹೆಚ್ಚಿನ ಬೆಲೆಗೆ ಹೋಯಿತು. ಎರಡೂ ಒಂದೇ ಕಾರಣಕ್ಕೆ ಆದದ್ದು.

ಇನ್ನು ರಿಫೈನರಿ ನಿಲ್ಲಿಸುವುದು ಸ್ವಿಚ್ ಒತ್ತಿದಷ್ಟು ಸುಲಭ ಅಲ್ಲ. ನೂರಾರು ಡಿಗ್ರಿ ಬಿಸಿಯಲ್ಲಿ, ಒತ್ತಡದಲ್ಲಿ ಓಡುವ ಯೂನಿಟ್‌ಗಳು. ಒಂದೊಂದಾಗಿ ತಣಿಸಿ, ಒಳಗಿನ ಮಾಲು ತೆಗೆದು, ಉಳಿದ ಗ್ಯಾಸ್ ಫ್ಲೇರ್ ಎಂಬ ಎತ್ತರದ ಚಿಮಣಿಯಲ್ಲಿ ಸುಟ್ಟು ನಿಲ್ಲಿಸಬೇಕು. ಮತ್ತೆ ಶುರು ಮಾಡುವುದು ಇನ್ನೂ ಕಷ್ಟ. ನಮ್ಮ ಕೆಲಸದಲ್ಲಿ ಎಲ್ಲರೂ ಹೆದರುವುದು ಸ್ಟಾರ್ಟಪ್‌ಗೇ. ಕರೆಂಟ್ ಬೇಕು, ಸ್ಟೀಮ್ ಬೇಕು, ಮುಖ್ಯವಾಗಿ ಜನ ಬೇಕು. ಆ ಜನರ ಮನೆಯಲ್ಲೇ ಸೊಂಟದ ತನಕ ನೀರು. ಯಾರು ಬರುತ್ತಾರೆ?

ಗಡಿಬಿಡಿ ಗುಂಡ
ನೀವು ಕಂಪನಿ ಕಡೆಯವರು, ಇನ್ನೇನು ಹೇಳ್ತೀರಿ 😀

ಪೈಪ್‌ಲೈನ್ ಮಾವ
ಹಳಬರು ಹೇಳಿದ್ದು ಅರ್ಧ ಉತ್ತರ. ಶಾರ್ಲಟ್‌ಗೆ ಸಂಬಂಧಪಟ್ಟ ಉಳಿದ ಅರ್ಧ ನೆಲದಡಿ ಇದೆ.

ನಾರ್ತ್ ಕೆರೊಲಿನಾದಲ್ಲಿ ಒಂದೂ ರಿಫೈನರಿ ಇಲ್ಲ. ನಿಮ್ಮ ಪೆಟ್ರೋಲ್ ಬರುವುದು ಹೆಚ್ಚಾಗಿ ಕಲೋನಿಯಲ್ ಪೈಪ್‌ಲೈನ್‌ನಿಂದ. ಹ್ಯೂಸ್ಟನ್‌ನಿಂದ ಹೊರಟು ಅಟ್ಲಾಂಟಾ, ಶಾರ್ಲಟ್ ದಾಟಿ ನ್ಯೂಜೆರ್ಸಿವರೆಗೆ. ಎಲ್ಲ ಕವಲು ಸೇರಿ 5,500 ಮೈಲಿ. ಪೂರ್ವ ಕರಾವಳಿ ಬಳಸುವ ಇಂಧನದಲ್ಲಿ ಸುಮಾರು ಶೇ. 45 ಇದೊಂದರಲ್ಲೇ ಹರಿಯುತ್ತದೆ. ಹರಿಯುವ ವೇಗ ಎಷ್ಟು ಗೊತ್ತಾ? ಗಂಟೆಗೆ 3ರಿಂದ 5 ಮೈಲಿ. ಮನುಷ್ಯ ನಡೆಯುವ ವೇಗ. ಹ್ಯೂಸ್ಟನ್‌ನಲ್ಲಿ ಒಳಗೆ ಬಿಟ್ಟ ಪೆಟ್ರೋಲ್ ನ್ಯೂಯಾರ್ಕ್ ಹತ್ತಿರ ತಲುಪಲು ಎರಡೂವರೆ ವಾರ ಬೇಕು.

ಅಷ್ಟೇ ಅಲ್ಲ, ಪೈಪು ತಾನಾಗಿ ಹರಿಯುವುದಿಲ್ಲ. ದಾರಿಯುದ್ದಕ್ಕೂ ಪಂಪಿಂಗ್ ಸ್ಟೇಷನ್ ಇವೆ, ಅವು ಕರೆಂಟಿನ ಮೇಲೆ ಓಡುತ್ತವೆ. 2005ರ ಆಗಸ್ಟ್ 29ಕ್ಕೆ ಕತ್ರಿನಾ ಬಂದಾಗ ಪೈಪಿಗೆ ಏನೂ ಆಗಿರಲಿಲ್ಲ. ಲೂಸಿಯಾನಾ, ಮಿಸ್ಸಿಸಿಪ್ಪಿಯಲ್ಲಿ ಕರೆಂಟ್ ಹೋಯಿತು, ಪಂಪ್ ನಿಂತಿತು, ಪೈಪ್‌ಲೈನ್ ನಿಂತಿತು. ಪೈಪಿನ ಹಿಂಬದಿಯಿಂದ ಮಾಲು ತಳ್ಳದಿದ್ದರೆ ಮುಂಬದಿಯಲ್ಲಿ ಹೊರಗೆ ಬರುವುದೂ ಇಲ್ಲ. ಒಳಗೆ ಪೆಟ್ರೋಲ್ ತುಂಬಿಕೊಂಡೇ ಇರುತ್ತದೆ, ಆದರೆ ನಿಮಗೆ ಸಿಗುವುದಿಲ್ಲ. 2008ರಲ್ಲಿ ಗುಸ್ತಾವ್ ಸೆಪ್ಟೆಂಬರ್ 1ಕ್ಕೆ, ಐಕ್ 13ಕ್ಕೆ. ಒಂದರ ಪೆಟ್ಟಿನಿಂದ ಏಳುವ ಮೊದಲೇ ಇನ್ನೊಂದು. ನಿಮ್ಮ ಕಡೆಯ ಡಿಪೋಗಳು ತಳ ಕಂಡವು. ಅಟ್ಲಾಂಟಾ, ನ್ಯಾಶ್‌ವಿಲ್, ಆಶ್‌ವಿಲ್, ಎಲ್ಲಾ ಕಡೆ ಅದೇ ಗೋಳು.

ಶಾರ್ಲಟ್ ಸೊಸೆ
ಓಹ್! ಸಮುದ್ರದ ಬಾವಿಗಳು ನಿಲ್ಲುವುದರಿಂದ ಹೀಗೆ ಎಂದುಕೊಂಡಿದ್ದೆ. ಹಾಗಾದರೆ ಬಾವಿಗೂ ಬಂಕ್‌ಗೂ ಸಂಬಂಧವೇ ಇಲ್ವಾ ಮಾವ?

ಪೈಪ್‌ಲೈನ್ ಮಾವ
ಇದೆ, ಆದರೆ ಅದು ನಿಧಾನಕ್ಕೆ ತಟ್ಟುವ ಪೆಟ್ಟು. ಬಾವಿ ವಿಷಯ ಇಲ್ಲಿ ಯಾರೋ ಆಫ್‌ಶೋರ್‌ನವರು ಇದ್ದರಲ್ಲ, ಅವರು ಹೇಳಲಿ.

ಉಪ್ಪುನೀರು
ನಾನೇ ಅದು. ಗಲ್ಫ್‌ನಲ್ಲಿ ಸಮುದ್ರದಿಂದ ತೈಲ ತೆಗೆಯುವ ಪ್ಲಾಟ್‌ಫಾರ್ಮ್‌ಗಳಲ್ಲಿ ಕೆಲಸ ಮಾಡಿದ್ದೇನೆ, ಈಗ ದಡದಲ್ಲಿದ್ದೇನೆ.

ಬಿರುಗಾಳಿ ಇನ್ನೂ ಕೆರಿಬಿಯನ್‌ನಲ್ಲಿ ಇರುವಾಗಲೇ ನಮ್ಮ ಗಡಿಬಿಡಿ ಶುರು. ಅಡುಗೆಯವರು, ಪೇಂಟಿಂಗ್‌ನವರು, ರಿಪೇರಿಯವರು ಮೊದಲ ಹೆಲಿಕಾಪ್ಟರ್‌ನಲ್ಲಿ ದಡಕ್ಕೆ. ಉಳಿದವರು ಬಾವಿ ಮುಚ್ಚಿ ಹೊರಡುತ್ತಾರೆ. ಸಮುದ್ರ ತಳಕ್ಕಿಂತ ಕೆಳಗೆ, ಬಾವಿಯ ಒಳಗೇ ಒಂದು ಸುರಕ್ಷತಾ ವಾಲ್ವ್ ಇರುತ್ತದೆ. ಮೇಲೆ ಪ್ಲಾಟ್‌ಫಾರ್ಮೇ ಕಿತ್ತುಹೋದರೂ ಅದು ಮುಚ್ಚಿಕೊಂಡಿರಬೇಕು. ಬಾವಿ ಕೊರೆಯುವ ಡ್ರಿಲ್ ಶಿಪ್‌ಗಳು ಬಾವಿ ಬಿಟ್ಟು ಗಾಳಿಯ ದಾರಿಯಿಂದ ಆಚೆ ಹೋಗಿ ನಿಲ್ಲುತ್ತವೆ. ಹಾಗಾಗಿ ಗಾಳಿ ಬರುವ ಮೊದಲೇ ಉತ್ಪಾದನೆ ನಿಂತಿರುತ್ತದೆ. ಗಾಳಿ ದಿಕ್ಕು ಬದಲಿಸಿದರೂ ಆ ದಿನಗಳ ತೈಲ ಹೋಯಿತು ಅಂತಲೇ ಲೆಕ್ಕ.

2021ರ ಆಗಸ್ಟ್ 29ರಂದು ಐಡಾ ಹರಿಕೇನ್ ನೇರ ಲೂಸಿಯಾನಾದ ಪೋರ್ಟ್ ಫೋರ್ಶೋನ್ ಮೇಲೆ ಬಂದಿತು. ಗಲ್ಫ್ ಉತ್ಪಾದನೆಯ ಶೇ. 95ಕ್ಕೂ ಹೆಚ್ಚು ನಿಂತಿತು, ಅಂದರೆ ದಿನಕ್ಕೆ ಸುಮಾರು 17 ಲಕ್ಷ ಬ್ಯಾರೆಲ್. ಹೊರಗಿನವರಿಗೆ ತಿಳಿಯದ ತೊಂದರೆ ಯಾವುದೆಂದರೆ, ಆ ಊರೇ ನಮ್ಮ ಸಂತೆ, ಬಸ್ ಸ್ಟ್ಯಾಂಡ್, ಗೋದಾಮು. ದೋಣಿ ಹೊರಡುವುದು ಅಲ್ಲಿಂದ, ಹೆಲಿಕಾಪ್ಟರ್ ಅಲ್ಲಿಂದ, ಊಟದ ಸಾಮಾನು ಅಲ್ಲಿಂದ. ಎಷ್ಟೋ ಪ್ಲಾಟ್‌ಫಾರ್ಮ್‌ಗಳು ಗಟ್ಟಿಯಾಗಿಯೇ ನಿಂತಿದ್ದವು, ಆದರೆ ಜನರನ್ನು ವಾಪಸ್ ಕಳಿಸಲು ದಡದಲ್ಲಿ ಜಾಗ ಇರಲಿಲ್ಲ. ಹಲವು ಪ್ಲಾಟ್‌ಫಾರ್ಮ್‌ಗಳ ತೈಲ ಒಂದೇ ಕಡೆ ಕೂಡಿ ದಡಕ್ಕೆ ಹೋಗುವ ಶೆಲ್‌ನ ವೆಸ್ಟ್ ಡೆಲ್ಟಾ-143 ಹಾಳಾಯಿತು. ಅದರ ಹಿಂದಿನ ಬಾವಿಗಳು ಚೆನ್ನಾಗಿದ್ದರೂ ವಾರಗಟ್ಟಲೆ ಕಾಯಬೇಕಾಯಿತು.

ಗಾಳಿಗಿಂತ ನನಗೆ ಹೆದರಿಕೆ ಕೆಸರಿನದು. ಮಿಸ್ಸಿಸಿಪ್ಪಿ ನದಿ ತಂದು ಸುರಿದ ಮಣ್ಣು ಅದರ ಬಾಯಿಯ ಹತ್ತಿರ ಸಮುದ್ರದ ತಳದಲ್ಲಿ ಮೆತ್ತಗೆ ಕೂತಿದೆ. 2004ರಲ್ಲಿ ಐವನ್ ಎಬ್ಬಿಸಿದ ಅಲೆಗಳಿಗೆ ಆ ತಳವೇ ಜಾರಿತು. ಪೈಪುಗಳು ಕಿತ್ತುಹೋದವು. ಟೇಲರ್ ಎನರ್ಜಿ ಕಂಪನಿಯ ಪ್ಲಾಟ್‌ಫಾರ್ಮ್ ಉರುಳಿತು. ಬಾವಿಗಳ ಮೇಲೆ ರಾಶಿ ಕೆಸರು. ಅಲ್ಲಿಂದ ಸೋರುತ್ತಿದ್ದ ತೈಲವನ್ನು ಹಿಡಿಯುವ ವ್ಯವಸ್ಥೆ ಕೂರಿಸಿದ್ದು 2019ರಲ್ಲಿ. ಲೆಕ್ಕ ಹಾಕಿ.

ಬಿಸಿಬೇಳೆ
ಹದಿನೈದು ವರ್ಷ ಸೋರಿತಾ?! ಸುದ್ದಿಯೇ ಆಗಲಿಲ್ಲವಲ್ಲ.

ಮೈಸೂರು ಮಲ್ಲಿಗೆ ಬಳ್ಳಿ
2005ರಲ್ಲಿ ಡೆನ್ನಿಸ್ ಹರಿಕೇನ್ ಬಿಪಿಯ ಥಂಡರ್ ಹಾರ್ಸ್ ಪ್ಲಾಟ್‌ಫಾರ್ಮನ್ನೇ ಓರೆ ಮಾಡಿತ್ತು. ಫೋಟೋ ನೋಡಿದ್ದೀರಾ? ಅಷ್ಟು ದೊಡ್ಡದು ಒಂದು ಕಡೆ ವಾಲಿ ನಿಂತಿದೆ. ಗಾಳಿಯ ಶಕ್ತಿ ಅಂದರೆ ಅದು.

ಉಪ್ಪುನೀರು
ಅದು ಗಾಳಿಯ ಕೆಲಸ ಅಲ್ಲ ಮೇಡಂ. ತೇಲುವ ಪ್ಲಾಟ್‌ಫಾರ್ಮ್‌ನಲ್ಲಿ ಸಮತೋಲಕ್ಕೆ ನೀರು ತುಂಬುವ ಟ್ಯಾಂಕ್‌ಗಳಿರುತ್ತವೆ. ಅವುಗಳ ಪೈಪು, ವಾಲ್ವ್ ಜೋಡಣೆಯಲ್ಲೇ ದೋಷ ಇತ್ತು. ನೀರು ಹೋಗಬಾರದ ಕಡೆ ಹೋಯಿತು. ಡೆನ್ನಿಸ್ ಪಕ್ಕದಲ್ಲಿ ಹಾದುಹೋಯಿತು ಅಷ್ಟೇ.

ಮೈಸೂರು ಮಲ್ಲಿಗೆ ಬಳ್ಳಿ
ಸರಿ, ಆದರೆ ಡೆನ್ನಿಸ್ ಬರುತ್ತದೆ ಅಂತಲೇ ತಾನೆ ಜನರನ್ನು ಖಾಲಿ ಮಾಡಿಸಿದ್ದು? ಒಬ್ಬರಾದರೂ ಮೇಲಿದ್ದರೆ ವಾಲುವುದು ಶುರುವಾದಾಗಲೇ ಕಾಣುತ್ತಿತ್ತು. ಹರಿಕೇನ್‌ಗೆ ಪಾಲಿಲ್ಲ ಅನ್ನಬೇಡಿ.

ಉಪ್ಪುನೀರು
ಈ ವಾದ ಒಪ್ಪುವಂಥದ್ದೇ. ನಿಜಕ್ಕೂ ಗಾಳಿ ಮಗುಚಿದ್ದು ಬೇಕಾದರೆ ಅದೇ ವರ್ಷ ಶೆವ್ರಾನ್‌ನ ಟೈಫೂನ್ ಇದೆ. ರೀಟಾ ಅದನ್ನು ಬುಡಮೇಲು ಮಾಡಿತು. ಹೆಸರು ನೋಡಿ! ಕತ್ರಿನಾ, ರೀಟಾ ಎರಡೂ ಸೇರಿ 100ಕ್ಕೂ ಹೆಚ್ಚು ಪ್ಲಾಟ್‌ಫಾರ್ಮ್ ನಾಶ ಮಾಡಿದವು. ಹೆಚ್ಚಿನವು ಹಳೆಯವು, ಆಳ ಕಡಿಮೆ ಇರುವ ಕಡೆ ನಿಂತವು.

ಗಡಿಬಿಡಿ ಗುಂಡ
ಇಷ್ಟೆಲ್ಲಾ ಗೊತ್ತಿದ್ದೂ ಸರ್ಕಾರ ಏನು ಮಾಡುತ್ತಿದೆ? ತುರ್ತಿಗೆ ಅಂತ ಗುಹೆಯಲ್ಲಿ ಕೋಟಿಗಟ್ಟಲೆ ಬ್ಯಾರೆಲ್ ತೈಲ ಇಟ್ಟುಕೊಂಡಿದ್ದಾರಲ್ಲ, ತೆಗೆದು ಕೊಡಲಿ. ಕೊಡಲ್ಲ. ಯಾಕೆ? ರೇಟು ಇಳಿಯುತ್ತದೆ.

ಹ್ಯೂಸ್ಟನ್ ಹಳಬ
ಕೊಟ್ಟಿದ್ದಾರೆ. ಕತ್ರಿನಾ ಆದಮೇಲೆ ಬುಷ್ ಸರ್ಕಾರ 3 ಕೋಟಿ ಬ್ಯಾರೆಲ್ ಮಾರಾಟಕ್ಕೆ ಇಟ್ಟಿತು. ಹೋದದ್ದು 1.1 ಕೋಟಿ ಮಾತ್ರ. ಕೊಳ್ಳುವವರೇ ಇರಲಿಲ್ಲ. ಯಾಕೆಂದರೆ ಟೆಕ್ಸಸ್, ಲೂಸಿಯಾನಾದ ಉಪ್ಪಿನ ಗುಹೆಗಳಲ್ಲಿ ಇರುವುದು ಕಚ್ಚಾ ತೈಲ. ಮನೆಯಲ್ಲಿ ಅಕ್ಕಿ ಮೂಟೆ ಇದೆ, ಒಲೆ ಹೊತ್ತುತ್ತಿಲ್ಲ ಅಂದ ಹಾಗೆ. ಆಗ ನಿಜವಾಗಿ ಉಪಯೋಗಕ್ಕೆ ಬಂದದ್ದು ಯುರೋಪ್‌ನಿಂದ ಹಡಗಿನಲ್ಲಿ ಬಂದ ತಯಾರಾದ ಪೆಟ್ರೋಲ್.

2012ರ ಸ್ಯಾಂಡಿ ಹರಿಕೇನ್ ಆದಮೇಲೆ ಬುದ್ಧಿ ಬಂದು 2014ರಲ್ಲಿ ಈಶಾನ್ಯ ರಾಜ್ಯಗಳಿಗೆ ಅಂತ 10 ಲಕ್ಷ ಬ್ಯಾರೆಲ್ ಪೆಟ್ರೋಲನ್ನೇ ಸಂಗ್ರಹ ಮಾಡಿಟ್ಟರು. 2024ರಲ್ಲಿ ಅದನ್ನೂ ಮಾರಿಬಿಟ್ಟರು. ಪೆಟ್ರೋಲ್ ಬಹಳ ದಿನ ಇಟ್ಟರೆ ಕೆಡುತ್ತದೆ, ಬೇಸಿಗೆಗೊಂದು ಚಳಿಗಾಲಕ್ಕೊಂದು ಮಿಶ್ರಣ ಬೇರೆ. ಇಡುವ ಖರ್ಚು ಜಾಸ್ತಿ.

ಕಡಲ ಮಗ
ನಮ್ಮ ಮಂಗಳೂರು, ಪಾದೂರಿನ ಭೂಗತ ಸಂಗ್ರಹದಲ್ಲೂ ಇರುವುದು ಕಚ್ಚಾ ತೈಲವೇ ಮಾರಾಯ್ರೇ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್. ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್ ನಿಂತರೆ ಅದರಿಂದಲೂ ಸ್ಕೂಟರ್ ಓಡುವುದಿಲ್ಲ. ನಮ್ಮಲ್ಲಿ ತಮಾಷೆ ಏನೆಂದರೆ 2019ರ ಬೇಸಿಗೆಯಲ್ಲಿ ರಿಫೈನರಿ ಯೂನಿಟ್‌ಗಳನ್ನು ನಿಲ್ಲಿಸಿದ್ದು ನೀರು ಜಾಸ್ತಿಯಾಗಿ ಅಲ್ಲ, ನೇತ್ರಾವತಿಯಲ್ಲಿ ನೀರೇ ಇಲ್ಲದೆ.

ಓರ್ಲಾಂಡೋ ಓಣಿ
ಫ್ಲಾರಿಡಾ ಕಥೆ ಬೇರೆಯೇ ಇದೆ. ಇಲ್ಲಿ ರಿಫೈನರಿಯೂ ಇಲ್ಲ, ಪೈಪ್‌ಲೈನ್ ಮಾವ ಹೇಳಿದ ಪೈಪೂ ಇಲ್ಲಿಗೆ ಬರುವುದಿಲ್ಲ. ಹೆಚ್ಚಿನದೆಲ್ಲಾ ಹಡಗಿನಲ್ಲಿ ಟ್ಯಾಂಪಾ ಬಂದರಿಗೆ ಅಥವಾ ಪೋರ್ಟ್ ಎವರ್‌ಗ್ಲೇಡ್ಸ್‌ಗೆ. ಹರಿಕೇನ್ ಬಂದರೆ ಮೊದಲು ಮುಚ್ಚುವುದೇ ಬಂದರು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಬರುವಾಗ ರಾಜ್ಯದ ಬಂಕ್‌ಗಳಲ್ಲಿ ಸುಮಾರು ಕಾಲು ಭಾಗ ಖಾಲಿ. ಟ್ಯಾಂಪಾ ಕಡೆ ಅರ್ಧಕ್ಕಿಂತ ಜಾಸ್ತಿ. ಅದಕ್ಕೆ ಎರಡು ವಾರ ಮೊದಲಷ್ಟೇ ಹೆಲೀನ್ ಬಂದಿತ್ತು, ಜನ ಹೆದರಿದ್ದರು. ನನ್ನ ತಂಗಿ ಟ್ಯಾಂಪಾ ಬಿಟ್ಟು ನಮ್ಮ ಮನೆಗೆ ಹೊರಟವಳು ದಾರಿಯಲ್ಲಿ ಬಂಕ್ ಹುಡುಕುತ್ತಾ ಇದ್ದ ಪೆಟ್ರೋಲೂ ಖರ್ಚು ಮಾಡಿಕೊಂಡಳು. ಪ್ರತಿ ಪಂಪಿನ ಬಾಯಿಗೂ ಪ್ಲಾಸ್ಟಿಕ್ ಚೀಲ ಕಟ್ಟಿತ್ತಂತೆ. ಒಂದು ಬಂಕ್‌ನಲ್ಲಿ ಇತ್ತು, ಆದರೆ ರೇಟು ನೋಡಿ ಅವಳಿಗೆ ಅಳು ಬಂತು.

ಜೆರ್ಸಿ ಜಗಲಿ
ನಮ್ಮಲ್ಲಿ 2012ರ ಸ್ಯಾಂಡಿಗೆ ಇನ್ನೊಂದು ಥರ. ಬಂಕ್‌ನ ನೆಲದಡಿಯ ಟ್ಯಾಂಕ್‌ನಲ್ಲಿ ಪೆಟ್ರೋಲ್ ಇದೆ, ಮೇಲೆತ್ತಲು ಕರೆಂಟ್ ಇಲ್ಲ! ಆಮೇಲೆ ಸಮ–ಬೆಸ ಪದ್ಧತಿ ತಂದರು. ನಂಬರ್ ಪ್ಲೇಟಿನ ಕೊನೆಯ ಅಂಕಿ ನೋಡಿ ದಿನ ಬಿಟ್ಟು ದಿನ. ನ್ಯೂಜೆರ್ಸಿಯಲ್ಲಿ ನಾವೇ ಪೆಟ್ರೋಲ್ ಹಾಕಿಕೊಳ್ಳುವಂತಿಲ್ಲ, ಕೆಲಸದವರೇ ಹಾಕಬೇಕು. ಪಾಪ ಆ ಹುಡುಗರು ತಿಂದ ಬೈಗುಳ ಅಷ್ಟಿಷ್ಟಲ್ಲ. ಫ್ಲಾರಿಡಾ, ಲೂಸಿಯಾನಾಗಳಲ್ಲಿ ಕೆಲವು ಬಂಕ್‌ಗಳು ಜನರೇಟರ್ ಜೋಡಿಸಲು ವೈರಿಂಗ್ ಇಟ್ಟುಕೊಂಡಿರಲೇಬೇಕು ಎಂಬ ಕಾನೂನು ಮೊದಲೇ ಇತ್ತು. ನಮ್ಮವರಿಗೆ ಹೊಳೆದಿರಲಿಲ್ಲ.

ಅರ್ಧ ಟ್ಯಾಂಕು
ಯಾರೂ ಜನರ ತಪ್ಪು ಹೇಳುತ್ತಿಲ್ಲ, ನಾನು ಹೇಳುತ್ತೇನೆ. ಮಾಮೂಲಿ ದಿನ ಒಂದು ಊರಿನ ಕಾರುಗಳಲ್ಲಿ ಸ್ವಲ್ಪ ಮಾತ್ರ ಬಂಕ್‌ಗೆ ಬರುತ್ತವೆ. ಬಂಕ್ ಟ್ಯಾಂಕು, ಲಾರಿ ಸಂಖ್ಯೆ, ಡ್ರೈವರ್ ಪಾಳಿ ಎಲ್ಲವೂ ಅದೇ ಲೆಕ್ಕದಲ್ಲಿ ಇರುತ್ತವೆ. ಮುಕ್ಕಾಲು ಟ್ಯಾಂಕ್ ಇರುವವನೂ ಒಂದೇ ಸಂಜೆ ಬಂದು ಭರ್ತಿ ಮಾಡಿಸಿದರೆ ಯಾವ ದೇಶದ ವ್ಯವಸ್ಥೆಯೂ ತಾಳುವುದಿಲ್ಲ. ಹಾರ್ವೆ ಸಮಯದಲ್ಲಿ ನಾನು ಡಾಲಸ್‌ನಲ್ಲಿದ್ದೆ. ಪ್ರವಾಹ ಹ್ಯೂಸ್ಟನ್‌ನಲ್ಲಿ, ಸಾಲು ನಮ್ಮಲ್ಲಿ.

2021ರ ಮೇನಲ್ಲಿ ಹರಿಕೇನೇ ಇರಲಿಲ್ಲ. ಹ್ಯಾಕರ್‌ಗಳ ದಾಳಿಗೆ ಕಲೋನಿಯಲ್ ಪೈಪ್‌ಲೈನ್ ಕೆಲವು ದಿನ ನಿಂತಿತು. ಶಾರ್ಲಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬಂಕ್ ಖಾಲಿ. ಪೆಟ್ರೋಲನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ ಅಂತ ಸರ್ಕಾರಿ ಸಂಸ್ಥೆಯೇ ಟ್ವೀಟ್ ಮಾಡಬೇಕಾಯಿತು. ಇದಕ್ಕಿಂತ ಇನ್ನೇನು ಬೇಕು?

ಶಾರ್ಲಟ್ ಸೊಸೆ
ಚೀಲದವರು ನಾವಲ್ಲಪ್ಪ 😂 ಆದರೆ ನೀವು ಹೇಳುವುದು ಸುಲಭ. ಮನೆಯಲ್ಲಿ ಚಿಕ್ಕ ಮಗು, ಆಫೀಸು 40 ಮೈಲಿ, ಅಕ್ಕಪಕ್ಕದವರೆಲ್ಲಾ ತುಂಬಿಸುತ್ತಿದ್ದಾರೆ. ನಾನೊಬ್ಬಳೇ ಶಿಸ್ತು ಮಾಡಿದರೆ ನನಗೇ ನಷ್ಟ ಅಲ್ವಾ? ಇನ್ನು 2008ರಲ್ಲಿ ನಮ್ಮ ಹತ್ತಿರದ ಒಂದು ಬಂಕ್‌ನವನು ಬೆಳಗ್ಗೆ ಒಂದು ರೇಟು, ಸಂಜೆ ಒಂದು ರೇಟು ಹಾಕುತ್ತಿದ್ದ. ಅದಕ್ಕೆ ಏನಂತೀರಿ?

ಅಂಕಿಅಂಶ ಅಜ್ಜ
ಬೆಲೆ ಏರಲಿ ಬಿಡಿ ತಾಯಿ. ಏರಿದರೆ ಮುಕ್ಕಾಲು ಟ್ಯಾಂಕಿನವನು ಮನೆಗೆ ಹೋಗುತ್ತಾನೆ, ನಿಜವಾಗಿ ಬೇಕಾದವನಿಗೆ ಉಳಿಯುತ್ತದೆ. ದೂರದಿಂದ ಲಾರಿ ತರುವವನಿಗೂ ಗಿಟ್ಟುತ್ತದೆ. ಬೆಲೆ ಹಿಡಿದಿಟ್ಟರೆ ಸಾಲು ಉದ್ದ ಆಗುತ್ತದೆ, ಅಷ್ಟೇ.

ಓರ್ಲಾಂಡೋ ಓಣಿ
ಅಜ್ಜ, ಬೇಕಾದವನಿಗೆ ಅಲ್ಲ, ದುಡ್ಡಿದ್ದವನಿಗೆ ಉಳಿಯುತ್ತದೆ. ಊರು ಬಿಟ್ಟು ಓಡುವ ಕೂಲಿಯವನ ಹತ್ತಿರ ಈ ಪಾಠ ಹೇಳಿ ನೋಡಿ.

ಅಂಕಿಅಂಶ ಅಜ್ಜ
ಅವನಿಗೆ ಸರ್ಕಾರ ದುಡ್ಡು ಕೊಡಲಿ, ಬಸ್ ಕೊಡಲಿ. ಖಾಲಿ ಬಂಕ್‌ನಲ್ಲಿ ಅಗ್ಗದ ಬೋರ್ಡು ನೇತು ಹಾಕಿದರೆ ಅವನಿಗೆ ಏನು ಸಿಕ್ಕಿತು?

ಪೈಪ್‌ಲೈನ್ ಮಾವ
ಇದು ಇಲ್ಲಿ ತೀರ್ಮಾನ ಆಗುವ ಜಗಳ ಅಲ್ಲ. ಕಾನೂನು ಹೇಳುತ್ತೇನೆ: ನಾರ್ತ್ ಕೆರೊಲಿನಾದಲ್ಲಿ ಗವರ್ನರ್ ತುರ್ತು ಪರಿಸ್ಥಿತಿ ಘೋಷಿಸಿದರೆ ವಿಪರೀತ ಬೆಲೆ ಹಾಕುವುದು ಕಾನೂನುಬಾಹಿರ. ಅಟಾರ್ನಿ ಜನರಲ್ ಕಚೇರಿಗೆ ರಸೀದಿ ಸಮೇತ ದೂರು ಕೊಡಬಹುದು. ಸೊಸೆಯವರೇ, ಮುಂದಿನ ಸಲ ಬೋರ್ಡಿನ ಫೋಟೋ ತೆಗೆದಿಡಿ.

ಕಡಲ ಮಗ
ಉಪ್ಪುನೀರು ಅವರೇ, ನಿಮ್ಮಲ್ಲಿ ಗಾಳಿಗೆ ಮೊದಲೇ ಎಲ್ಲರನ್ನೂ ದಡಕ್ಕೆ ತರುತ್ತಾರೆ ಎಂದಿರಿ. ಓದಿ ಹೊಟ್ಟೆ ಉರಿಯಿತು. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಮುಂಬೈ ಆಚೆಯ ಸಮುದ್ರದ ತೈಲ ಕ್ಷೇತ್ರ ಬಾಂಬೆ ಹೈನಲ್ಲಿ ಕೆಲಸದವರು ಉಳಿಯುವ ಪಿ-305 ಬಾರ್ಜ್ ಮೇಲೆ 261 ಜನ ಇದ್ದರು. ಹವಾಮಾನ ಇಲಾಖೆ ಮೊದಲೇ ಎಚ್ಚರಿಸಿತ್ತು. ಬಾರ್ಜ್ ಬಂದರಿಗೆ ಮರಳದೆ ಹತ್ತಿರದಲ್ಲೇ ಲಂಗರು ಹಾಕಿ ನಿಂತಿತು. ಲಂಗರು ಕಿತ್ತು, ಪ್ಲಾಟ್‌ಫಾರ್ಮ್‌ಗೆ ಬಡಿದು ಮುಳುಗಿತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಅದೇ ಗಾಳಿಗೆ ನಮ್ಮಲ್ಲೂ ಆಯ್ತು. ಎಂಆರ್‌ಪಿಎಲ್‌ಗೆ ಕಚ್ಚಾ ತೈಲ ಇಳಿಸಲು ಸಮುದ್ರದ ಮಧ್ಯೆ ಒಂದು ತೇಲುವ ಲಂಗರು ಕೊಂಡಿ ಇದೆ. ಅದರ ಕೆಲಸಕ್ಕಿದ್ದ ಎರಡು ಟಗ್ ದೋಣಿಗಳಲ್ಲಿ ಅಲಯನ್ಸ್ ಮಗುಚಿತು, ಸಾವುಗಳಾದವು. ಕೋರಮಂಡಲ್ ಸಪೋರ್ಟರ್ ಮೂಲ್ಕಿ ಹತ್ತಿರದ ಬಂಡೆಗಳಿಗೆ ಸಿಕ್ಕಿಬಿತ್ತು. ಅದರಲ್ಲಿದ್ದ 9 ಜನರನ್ನು ನೌಕಾಪಡೆಯ ಹೆಲಿಕಾಪ್ಟರ್ ಮತ್ತು ಕೋಸ್ಟ್ ಗಾರ್ಡ್‌ನವರು ಉಳಿಸಿದರು.

ಉಪ್ಪುನೀರು
ಆ ಸುದ್ದಿ ಇಲ್ಲಿ ನಮ್ಮ ಕಡೆಯವರೆಲ್ಲಾ ಓದಿದ್ದರು. ಗಲ್ಫ್‌ನಲ್ಲಿ ಯಾವಾಗ ಹೊರಡಬೇಕು ಅನ್ನುವುದು ಮೊದಲೇ ಬರೆದಿಟ್ಟ ಕಾಗದದಲ್ಲಿರುತ್ತದೆ. ಗಾಳಿ ಇಷ್ಟು ದೂರ ಬಂದರೆ ಇಷ್ಟು ಜನ ಕೆಳಗೆ ಅಂತ. ಎಷ್ಟು ಪ್ಲಾಟ್‌ಫಾರ್ಮ್ ಖಾಲಿ, ಎಷ್ಟು ಉತ್ಪಾದನೆ ನಿಂತಿದೆ ಎಂದು ಸರ್ಕಾರದ ಬಿಎಸ್‌ಇಇ ಸಂಸ್ಥೆ ಹರಿಕೇನ್ ಸಮಯದಲ್ಲಿ ದಿನಾ ಪ್ರಕಟಿಸುತ್ತದೆ. ಮೊದಲೇ ಖಾಲಿ ಮಾಡಿದ್ದರಿಂದ ನಷ್ಟ ಆದರೂ ಯಾರೂ ಪ್ರಶ್ನಿಸುವುದಿಲ್ಲ.

ಬಿಸಿಬೇಳೆ
ಇದಕ್ಕೆಲ್ಲಾ ಒಂದೇ ಮದ್ದು, ಇವಿ (ಬ್ಯಾಟರಿ ಕಾರು) ತಗೊಳ್ಳಿ. ನಾನು ತಗೊಂಡೆ, ಆರಾಮಾಗಿದ್ದೇನೆ.

ಹ್ಯೂಸ್ಟನ್ ಹಳಬ
ಐಡಾ ಬಂದಾಗ ನ್ಯೂ ಓರ್ಲಿಯನ್ಸ್‌ಗೆ ಕರೆಂಟ್ ತರುವ 8 ಲೈನ್‌ಗಳೂ ಬಿದ್ದುಹೋದವು. ಆರಾಮ ಎಲ್ಲಿಂದ?

ಬಿಸಿಬೇಳೆ
ಗಾಳಿ ಬರುವ ಹಿಂದಿನ ರಾತ್ರಿ ಮನೆಯಲ್ಲೇ ಚಾರ್ಜ್ ಹಾಕಿಕೊಂಡು ಹೊರಡುತ್ತೇನೆ. ನಿಮ್ಮ ಥರ ಟ್ಯಾಂಕರ್ ಹಿಂದೆ ಓಡುವುದಿಲ್ಲ. ಶಾರ್ಲಟ್‌ನಲ್ಲಿ ಐಕ್‌ಗೆ ಕರೆಂಟ್ ಹೋಗಿರಲಿಲ್ಲ ತಾನೆ?

ಅರ್ಧ ಟ್ಯಾಂಕು
ಅದು ಪಾಯಿಂಟು. ಆದರೆ ಉಪ್ಪುನೀರು ನುಗ್ಗುವ ಜಾಗದಲ್ಲಿ ನಿಲ್ಲಿಸಬೇಡಿ. 2022ರ ಇಯಾನ್ ಆದಮೇಲೆ ಫ್ಲಾರಿಡಾದಲ್ಲಿ ಮುಳುಗಿದ್ದ ಕೆಲವು ಇವಿಗಳ ಬ್ಯಾಟರಿಗೆ ಬೆಂಕಿ ಹತ್ತಿತ್ತು.

ಉಪ್ಪುನೀರು
ನಾನು ನುಗ್ಗುವುದಿಲ್ಲ, ಭಯ ಬೇಡ.

ಜೆರ್ಸಿ ಜಗಲಿ
😂😂 ಇದರ ಮಧ್ಯೆ ಒಂದು ಪ್ರಶ್ನೆ. ಮನೆಗೆ ಜನರೇಟರ್ ತಗೊಳ್ಳಬೇಕು ಅಂತಿದ್ದೇನೆ. ಆದರೆ ಅದಕ್ಕೂ ಪೆಟ್ರೋಲೇ ಬೇಕಲ್ಲ? ಬಂಕ್ ಮುಚ್ಚಿದಾಗ ಏನು ಮಾಡುವುದು?

ಓರ್ಲಾಂಡೋ ಓಣಿ
ಪೆಟ್ರೋಲ್, ಪ್ರೊಪೇನ್ ಎರಡಕ್ಕೂ ಓಡುವುದು ಸಿಗುತ್ತದೆ, ಅದನ್ನೇ ತಗೊಳ್ಳಿ. ಗ್ರಿಲ್‌ಗೆ ಬಳಸುವ ಸಿಲಿಂಡರ್ ಸಾಕು, ವರ್ಷಗಟ್ಟಲೆ ಇಟ್ಟರೂ ಪ್ರೊಪೇನ್ ಕೆಡುವುದಿಲ್ಲ. ಒಂದೇ ಮಾತು: ಗ್ಯಾರೇಜ್ ಒಳಗೆ ಓಡಿಸಬೇಡಿ, ಬಾಗಿಲು ತೆರೆದಿದ್ದರೂ ಬೇಡ. 2020ರ ಲಾರಾ ಆದಮೇಲೆ ಲೂಸಿಯಾನಾದಲ್ಲಿ ಸತ್ತವರಲ್ಲಿ ಹಲವರು ಜನರೇಟರ್ ಹೊಗೆಗೇ ಹೋದರು. ಮನೆಯಿಂದ ದೂರ, ಬಯಲಲ್ಲಿ ಇಡಿ.

ಜೆರ್ಸಿ ಜಗಲಿ
ಬಯಲಲ್ಲಿಟ್ಟರೆ ಕದಿಯುತ್ತಾರಲ್ಲ?

ಓರ್ಲಾಂಡೋ ಓಣಿ
ಸರಪಳಿ ಹಾಕಿ ಮರಕ್ಕೆ ಬೀಗ ಜಡಿಯಿರಿ. ನಾವು ಹಾಗೇ ಮಾಡುವುದು. ಗಟ್ಟಿ ಮರ ನೋಡಿ ಮತ್ತೆ.